ಒಣಗಿದ ಮೇಲೆ ಕಾಣುವ ಗೆರೆ

ಮಹಾನವಮಿಗೆ ಎರಡು ವಾರವಿರುವಾಗ ಅಮ್ಮ ತೋಟದಲ್ಲಿ ಒದ್ದೆ ಅಡಿಕೆ ಹಾಳೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಆರು ವಾರ ಕೈ ಅಲ್ಲಾಡಿಸಬಾರದು ಎಂದು ಹೇಳಿ ಕಳಿಸಿದರು. ನಾನು ಬೆಂಗಳೂರಿನಿಂದ ಗಾಬರಿಯಲ್ಲಿ ಫೋನ್ ಮಾಡಿದರೆ ಅಮ್ಮ ನೋವಿನ ಮಾತನ್ನೇ ಎತ್ತಲಿಲ್ಲ.

"ಈ ಸಲ ಬುಟ್ಟಿ ಬರೆಯುವವರು ಯಾರು?" ಎಂದಳು.

ಅತ್ತಿಗೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಅಣ್ಣನಿಗೆ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವುದು ಬರುತ್ತದೆ, ನೆಟ್ಟಗೆ ಒಂದು ಗೆರೆ ಎಳೆಯುವುದು ಬರುವುದಿಲ್ಲ. ಉಳಿದವಳು ನಾನು. ದಿನವೆಲ್ಲ ಕಂಪನಿಯೊಂದರ ಲೆಕ್ಕಪತ್ರ ನೋಡುವವಳು. ಚಿಕ್ಕವಳಿದ್ದಾಗ ಅಮ್ಮ ಬರೆಯುವಾಗ ಪಕ್ಕದಲ್ಲಿ ಕುಳಿತು ಬಣ್ಣದ ಬಟ್ಟಲು ಹಿಡಿದುಕೊಂಡದ್ದೇ ನನ್ನ ಒಟ್ಟು ಅನುಭವ.

ನಾವು ದೀವರು. ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಕಡೆಯ ನಮ್ಮ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. 'ಬರೆಯುವುದು' ಎಂದೇ ಹೇಳುತ್ತೇವೆ, ಬಿಡಿಸುವುದು ಎನ್ನುವುದಿಲ್ಲ. ಪಂಚಾಂಗದಲ್ಲಿ ಸೀಗೆ ಹುಣ್ಣಿಮೆ ಎಂದಿರುವ ಆಶ್ವಯುಜದ ಹುಣ್ಣಿಮೆಯೇ ನಮ್ಮ ಭೂಮಿ ಹುಣ್ಣಿಮೆ. ಅಷ್ಟು ಹೊತ್ತಿಗೆ ಗದ್ದೆಯಲ್ಲಿ ಭತ್ತಕ್ಕೆ ಹೊಡೆ ಬಂದಿರುತ್ತದೆ. ತೆನೆ ಇನ್ನೂ ಹೊರಬಿದ್ದಿರುವುದಿಲ್ಲ, ಎಲೆಯ ಕವಚದೊಳಗೇ ದಂಟು ಉಬ್ಬಿಕೊಂಡಿರುತ್ತದೆ. ಬೆರಳಲ್ಲಿ ಹಿಡಿದು ನೋಡಿದರೆ ಒಳಗಿನ ಮೆತ್ತನೆಯ ಗಂಟು ತಿಳಿಯುತ್ತದೆ. ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ, ಆ ಊಟವನ್ನು ಹೊತ್ತು ಗದ್ದೆಗೆ ಹೋಗುವುದು ಈ ಬುಟ್ಟಿಗಳಲ್ಲಿ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ.

2022ರಲ್ಲಿ ವಿಜಯದಶಮಿ ಬಿದ್ದದ್ದು ಅಕ್ಟೋಬರ್ 5ರ ಬುಧವಾರ, ಭೂಮಿ ಹುಣ್ಣಿಮೆ 9ರ ಭಾನುವಾರ. ನಮ್ಮ ಮನೆಯಲ್ಲಿ ಬುಟ್ಟಿಗೆ ಕೆಮ್ಮಣ್ಣು ತಾಗುವುದು ವಿಜಯದಶಮಿಯ ದಿನವೇ, ಅದಕ್ಕಿಂತ ಮೊದಲು ಇಲ್ಲ. ಎಂದರೆ ನನಗೆ ಸಿಕ್ಕಿದ್ದು ನಾಲ್ಕು ರಾತ್ರಿ. ಎರಡು ಬುಟ್ಟಿಗೆ ನಾಲ್ಕು ರಾತ್ರಿ ಯಥೇಚ್ಛವಾಯಿತು ಎಂದುಕೊಂಡು ತಾಳಗುಪ್ಪ ರೈಲು ಹತ್ತಿದೆ. ಚೀಲದಲ್ಲಿ ನಾಲ್ಕು ಕುಂಚ, ಬಿಳಿ ಅಕ್ರಿಲಿಕ್ ಬಣ್ಣದ ಒಂದು ಟ್ಯೂಬ್ ಕೂಡ ಇಟ್ಟುಕೊಂಡಿದ್ದೆ. ಅಮ್ಮ ಟ್ಯೂಬನ್ನು ಎಡಗೈಯಲ್ಲಿ ಎತ್ತಿ, ಮೂಸಿ ನೋಡಿ, "ಇದನ್ನು ಭೂಮಿತಾಯಿ ಉಣ್ಣುತ್ತಾಳೇನು?" ಎಂದು ಕೇಳಿ ಕಿಟಕಿಯ ದಂಡೆಯ ಮೇಲಿಟ್ಟಳು. ಅದು ಈಗಲೂ ಅಲ್ಲೇ ಇದೆ.

ಕೆಲಸ ಶುರುವಾದದ್ದು ಸಗಣಿಯಿಂದ. ಹಳೆಯ ದೊಡ್ಡ ಬುಟ್ಟಿಯ ತಳ ಹೋಗಿತ್ತೆಂದು ಅಣ್ಣ ಮೇದಾರರ ಹತ್ತಿರ ಹೊಸದನ್ನು ತಂದಿದ್ದ. ಬಿದಿರಿನ ಹೆಣಿಗೆಯ ಸಂದುಗಳಲ್ಲಿ ಬೆಳಕು ಕಾಣುತ್ತಿತ್ತು. ಆ ಸಂದುಗಳೆಲ್ಲ ತುಂಬುವಂತೆ ಸಗಣಿ ಮೆತ್ತಬೇಕು. ಹೆಬ್ಬೆರಳಿನಿಂದ ಒತ್ತುತ್ತ ಹೋಗಬೇಕು, ಅಂಗೈಯಲ್ಲಿ ನುಣುಪು ಮಾಡಬೇಕು. ದಪ್ಪವಾದರೆ ಒಣಗಿದಾಗ ಬಿರಿಯುತ್ತದೆ, ತೆಳುವಾದರೆ ಬಿದಿರಿನ ಏಣು ಎದ್ದು ಕಾಣುತ್ತದೆ. ಒಣಗಿಸಲು ಅಂಗಳದಲ್ಲಿಟ್ಟರೆ ಮಧ್ಯಾಹ್ನ ಮೂರಕ್ಕೆ ಗುಡುಗು. ಬುಟ್ಟಿಯನ್ನು ಬಚ್ಚಲೊಲೆಯ ಹತ್ತಿರ ತಂದಿಟ್ಟು, ಮಗುವನ್ನು ಕಾಯಿಸುವ ಹಾಗೆ ತಿರುಗಿಸಿ ತಿರುಗಿಸಿ ಕಾಯಿಸಿದೆ.

ಕೆಮ್ಮಣ್ಣು ತರುವುದು ಸುಲಭವೆಂದು ತಿಳಿದಿದ್ದೆ. ಮಲೆನಾಡಿನಲ್ಲಿ ಕೆಮ್ಮಣ್ಣಿಗೆ ಬರವೇ? ರಸ್ತೆಯಂಚಿನ ದರೆಯಿಂದ ಒಂದು ಬಾಣಲೆ ಕೆದರಿ ತಂದೆ. ಅಮ್ಮ ನೋಡಿ, "ಇದು ಸುರಕಿ" ಎಂದಳು, ಮರಳು ಜಾಸ್ತಿ ಎಂಬ ಅರ್ಥದಲ್ಲಿ. ತೋಟಕ್ಕೆ ಇಳಿಯುವ ದಾರಿಯ ಎಡಗಡೆ ದರೆಯಲ್ಲಿ, ಮೊಣಕಾಲೆತ್ತರದಲ್ಲಿ, ಕುಂಕುಮದಂತೆ ಕೈಗೆ ಹತ್ತುವ ಒಂದು ಪದರವಿದೆಯಂತೆ. ಅಲ್ಲಿ ಹೋಗಿ ನೋಡಿದರೆ ನನ್ನ ಮುಷ್ಟಿಯಷ್ಟು ದೊಡ್ಡ ಗುಳಿ. ವರ್ಷಕ್ಕೊಂದು ಹಿಡಿಯಂತೆ ಅಮ್ಮ ತೆಗೆಯುತ್ತ ಬಂದ ಗುಳಿ. ನಾನೂ ಒಂದೇ ಹಿಡಿ ತೆಗೆದೆ. ನೀರಿನಲ್ಲಿ ಕದಡಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ತಂಗಲು ಬಿಟ್ಟೆ. ತಿಳಿ ಬಸಿದ ಮೇಲೆ ತಳದಲ್ಲಿ ಉಳಿದದ್ದು ಬೆಣ್ಣೆಯಂಥ ಕೆಂಪು. ಅದನ್ನು ಮೂರು ಸಲ ಹಚ್ಚಬೇಕು, ಪ್ರತಿ ಸಲವೂ ಹಿಂದಿನದು ಒಣಗಿದ ಮೇಲೆ. ಬುಧವಾರ ರಾತ್ರಿ ಹನ್ನೊಂದಾದರೂ ನಾನು ಎರಡನೆಯ ಸಲದಲ್ಲೇ ಇದ್ದೆ. ಒಂದು ಗೆರೆಯೂ ಎಳೆದಿರಲಿಲ್ಲ, ಒಂದು ರಾತ್ರಿ ಕಳೆದಿತ್ತು.

ಬಿಳಿಗೆ ಅಕ್ಕಿ. ರಾತ್ರಿಯೇ ನೆನೆಸಿಟ್ಟಿದ್ದ ಅಕ್ಕಿಯನ್ನು ಬೆಳಿಗ್ಗೆ ಮಿಕ್ಸಿಗೆ ಹಾಕಿದೆ. ಬೆರಳಿಗೆ ನುಣ್ಣಗೆ ತಗುಲಿತು. ಆದರೆ ಬಟ್ಟೆಯಲ್ಲಿ ಸೋಸಿದಾಗ ಬಟ್ಟೆಯ ಮೇಲೆ ರವೆಯಂತೆ ಉಳಿಯಿತು. ಕೊನೆಗೆ ಒರಳಿಗೇ ಹೋಗಬೇಕಾಯಿತು. ಮುಕ್ಕಾಲು ಗಂಟೆ ತಿರುವಿದ ಮೇಲೆ ಅಮ್ಮ ಹಿಟ್ಟನ್ನು ನಾಲಿಗೆಯ ತುದಿಗಿಟ್ಟು ನೋಡಿ, ಆಗಬಹುದು ಎಂದಳು. ಬಣ್ಣದ ಹದವನ್ನು ನಾಲಿಗೆಯಲ್ಲಿ ನೋಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಪ್ಪು ಬೇಕಾದರೂ ಅಕ್ಕಿಯೇ: ಬಾಣಲೆಯಲ್ಲಿ ಕರಕಲಾಗುವವರೆಗೆ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ನಮ್ಮ ಹಳ್ಳದ ದಂಡೆಯಲ್ಲಿದ್ದ ಗುರಿಗೆ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅರಿಶಿನ ಹಾಕೋಣವೇ ಎಂದು ಕೇಳಿದೆ. ಬಿಸಿಲಿಗೆ ಹಾರಿಹೋಗುತ್ತದೆ, ಹಳದಿ ಇಲ್ಲದಿದ್ದರೆ ಇಲ್ಲ ಎಂದು ಬರೆ, ಸುಳ್ಳು ಹಳದಿ ಬೇಡ ಎಂದಳು.

ಕುಂಚ ಪುಂಡಿ ನಾರಿನದು. ಹಿತ್ತಲಿನ ಪುಂಡಿ ದಂಟನ್ನು ನೀರಲ್ಲಿ ಕೊಳೆಸಿ ಸುಲಿದು ತೆಗೆದ ನಾರನ್ನು ಅಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತಾಳೆ. ತುದಿಯನ್ನು ಜಜ್ಜಿ, ಎಳೆ ಬಿಡಿಸಿ, ದಾರ ಬಿಗಿದರೆ ಕುಂಚ. ಕಂಠದ ಪಟ್ಟಿಗೆ ದಪ್ಪ, ಒಳಗಿನ ಕೆಲಸಕ್ಕೆ ನಾಲ್ಕೈದೇ ಎಳೆ.

ಗುರುವಾರ ಸಂಜೆ ಬುಟ್ಟಿಯ ಮುಂದೆ ಕುಳಿತೆ. ಅಮ್ಮ ಎದುರಿಗೆ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು. ನಾನು ಕುಂಚ ಅದ್ದಿ, ಪೆನ್ನು ಹಿಡಿದಂತೆ ಹಿಡಿದು, ಕಂಠದ ಕೆಳಗೆ ಎಳೆದೆ. ಏನೂ ಕಾಣಲಿಲ್ಲ. ಕೆಂಪಿನ ಮೇಲೆ ಒಂದು ಒದ್ದೆ ಕಲೆ, ಅಷ್ಟೇ. ಬಣ್ಣ ತೆಳುವಾಯಿತೆಂದು ಅದರ ಮೇಲೆಯೇ ಇನ್ನೊಮ್ಮೆ ಎಳೆದೆ, ಮತ್ತೊಮ್ಮೆ ಎಳೆದೆ. ಐದು ನಿಮಿಷದ ಮೇಲೆ ಅಲ್ಲಿ ಬಿಳಿ ಎದ್ದು ಬಂತು. ಒಂದಲ್ಲ, ಮೂರು ಗೆರೆ, ಒಂದರ ಮೇಲೊಂದು ಹತ್ತಿಕೊಂಡು, ಎಲೆಬಳ್ಳಿಗೆ ರೋಗ ಬಂದಂತೆ ಊದಿಕೊಂಡು.

ಅಕ್ಕಿಯ ಬಿಳಿ ಒದ್ದೆಯಿರುವಾಗ ಕಾಣುವುದಿಲ್ಲ. ಒಣಗಿದ ಮೇಲೆ ಕಾಣುತ್ತದೆ. ಇಷ್ಟನ್ನು ಅಮ್ಮ ಮೊದಲೇ ಹೇಳಬಹುದಿತ್ತಲ್ಲ ಎಂದು ಸಿಟ್ಟು ಬಂತು.

"ನನಗೂ ಯಾರೂ ಹೇಳಿರಲಿಲ್ಲ" ಎಂದಳು. "ಒರೆಸು."

ಒರೆಸುವುದು ಎಂದರೆ ಒರೆಸುವುದಷ್ಟೇ ಅಲ್ಲ. ಒದ್ದೆ ಬಟ್ಟೆ ತಾಗಿಸಿದರೆ ಬಿಳಿಯ ಜೊತೆ ಕೆಂಪೂ ಕಿತ್ತುಬರುತ್ತದೆ. ಅಲ್ಲಿಗೆ ಮತ್ತೆ ಕೆಮ್ಮಣ್ಣು ಹಚ್ಚಬೇಕು, ಒಣಗಲು ಕಾಯಬೇಕು. ಒಂದು ತಪ್ಪಿಗೆ ಅರ್ಧ ಗಂಟೆ ದಂಡ. ಆ ಸಂಜೆ ನಾನು ಏಳು ಸಲ ದಂಡ ಕಟ್ಟಿದೆ.

ಎಂಟೂವರೆಗೆ ಗಾಳಿಮಳೆಗೆ ಕರೆಂಟು ಹೋಯಿತು. ಸದ್ಯ, ಇವತ್ತಿಗೆ ಬಿಡುಗಡೆ ಎಂದು ಕುಂಚ ಕೆಳಗಿಟ್ಟೆ. ಅಮ್ಮ ಚಿಮಣಿ ದೀಪ ಹಚ್ಚಿಸಿ, ಬುಟ್ಟಿಯ ಪಕ್ಕ ನೆಲದ ಮೇಲಿಡಲು ಹೇಳಿದಳು. ಈಗ ಎಳೆ ಎಂದಳು. ಎಳೆದೆ. ಕಂಡಿತು! ಅಡ್ಡದಿಂದ ಬಿದ್ದ ಬೆಳಕಿಗೆ ಒದ್ದೆ ಗೆರೆ ಬಸವನಹುಳು ಹರಿದ ದಾರಿಯಂತೆ ಮಿನುಗುತ್ತಿತ್ತು. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಅದು ಕಾಣುವ ದಾರಿಯೇ ಇರಲಿಲ್ಲ. ಹಿಂದಿನವರು ರಾತ್ರಿ ದೀಪವಿಟ್ಟುಕೊಂಡು ಬರೆಯುತ್ತಿದ್ದದ್ದು ಹಗಲು ಪುರುಸೊತ್ತಿಲ್ಲದ್ದಕ್ಕೆ ಎಂದು ನಾನು ಅಂದುಕೊಂಡಿದ್ದೆ. ಅದೂ ನಿಜವೇ. ಆದರೆ ಅದಷ್ಟೇ ಅಲ್ಲ. ಕರೆಂಟು ಬಂದ ಮೇಲೂ ಟ್ಯೂಬ್‌ಲೈಟ್ ಆರಿಸಿಯೇ ಬರೆದೆ.

ಇನ್ನೊಂದು ಪಾಠ ಕೈಯದು. ನಾನು ಕುಂಚದ ತುದಿಯನ್ನು ಚುಚ್ಚುತ್ತಿದ್ದೆ. "ಚುಚ್ಚಬೇಡ, ಮಲಗಿಸು. ಮಲಗಿಸಿ ಎಳೆ." ನಾರಿನ ಎಳೆಗಳನ್ನು ಬುಟ್ಟಿಯ ಮೇಲೆ ಉದ್ದಕ್ಕೆ ಮಲಗಿಸಿ, ಮೊಣಕೈಯಿಂದ ತನ್ನತ್ತ ಎಳೆದುಕೊಳ್ಳಬೇಕು. ಬೆರಳು ಕೆಲಸ ಮಾಡಬಾರದು. ಚಿತ್ತಾರದ ಗೆರೆಗೆ ನಾವು ಎಳೆ ಎನ್ನುತ್ತೇವೆ: ಮೂರು ಎಳೆ, ಐದು ಎಳೆ, ಯಾವಾಗಲೂ ಬೆಸ, ನಮ್ಮ ಮನೆಯ ರೂಢಿ ಅದು. ನಾರಿನದೂ ಎಳೆ. ಅಮ್ಮನ ಆಜ್ಞೆಯೂ ಎಳೆ. ಮೂರೂ ಒಂದೇ ಎಂಬುದು ಮೂವತ್ತೆಂಟು ವರ್ಷ ಕನ್ನಡ ಮಾತಾಡಿದ ಮೇಲೆ, ಆ ರಾತ್ರಿ, ತೋಳು ನೋಯುವಾಗ ನನ್ನ ತಲೆಗೆ ಹೋಯಿತು.

ಶುಕ್ರವಾರದ ಹೊತ್ತಿಗೆ ಕೈ ಸ್ವಲ್ಪ ಪಳಗಿತು. ದೊಡ್ಡ ಬುಟ್ಟಿಯ ಮೈಯನ್ನು ನಿಲುವು ಪಟ್ಟಿಗಳಿಂದ ಅಂಕಣಗಳಾಗಿ ಭಾಗ ಮಾಡಿದೆವು. ಒಂದರಲ್ಲಿ ಭತ್ತದ ಸಸಿಗಳು, ಒಂದರಲ್ಲಿ ಅಡಿಕೆ ಮರ, ಒಂದರಲ್ಲಿ ಎತ್ತಿನಗಾಡಿ, ಒಂದರಲ್ಲಿ ಕೈಕೈ ಹಿಡಿದ ಗೊಂಬೆಗಳ ಸಾಲು. ಮನುಷ್ಯರಿಗೆ ಇಲ್ಲಿ ಮುಖವಿಲ್ಲ. ಎರಡು ತ್ರಿಕೋನ, ಮೇಲೊಂದು ಚುಕ್ಕಿ. ಭತ್ತಕ್ಕಾದರೋ ಒಂದೊಂದು ಎಲೆಗೂ ಬಾಗು ಬೇರೆ ಬೇರೆ. ನಾನು ಎಲ್ಲ ಸಸಿಗಳನ್ನೂ ಒಂದೇ ಅಳತೆಗೆ, ಒಂದೇ ಅಂತರಕ್ಕೆ, ನನ್ನ ಲೆಕ್ಕದ ಹಾಳೆಯ ಕಾಲಂಗಳಂತೆ ಬರೆದಿದ್ದೆ. ಅಮ್ಮ ಬಹಳ ಹೊತ್ತು ನೋಡಿದಳು. "ಗದ್ದೆಗೆ ಹೋಗಿ ನೋಡಿಕೊಂಡು ಬಾ."

ಹೋದೆ. ಬದುವಿನ ಮೇಲೆ ಕುಳಿತು ನೋಡಿದೆ. ಹೊಡೆ ತುಂಬಿದ ಬುಡಗಳು ಅಕ್ಕಪಕ್ಕದವಕ್ಕೆ ಒರಗಿದ್ದವು. ನೀರು ಬರುವ ಕಡೆಯವು ಎತ್ತರ, ಮರದ ನೆರಳಿನವು ಗಿಡ್ಡ. ನಾನು ಈ ಗದ್ದೆಯ ಅನ್ನ ತಿಂದು ಬೆಳೆದವಳು. ಅದನ್ನು ಹೀಗೆ ಕುಳಿತು ನೋಡಿದ್ದು ಇದೇ ಮೊದಲು. ಬಂದು ಅರ್ಧ ಅಂಕಣ ಒರೆಸಿದೆ.

ಬುಡದ ಪಟ್ಟಿಯನ್ನು ಅಮ್ಮ ಕೊನೆಗೆ ಇಟ್ಟುಕೊಂಡಿದ್ದಳು. ಒಂದರ ಬೆನ್ನಿಗೊಂದು ತಾಗಿದ ಓರೆ ಚೌಕಗಳು, ಪ್ರತಿಯೊಂದರೊಳಗೆ ಗಿಡದ ಕವಲಿನಂಥ ಮೂರು ಗೆರೆ. ಇದು ಬುಟ್ಟಿಯ ಚಿತ್ತಾರವಲ್ಲ, ಗೋಡೆಯದು ಎಂದಳು. ಅಜ್ಜಿಯ ಊರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ಏರಿತು. ಅಮ್ಮನಿಗೆ ಆಗ ಆರು ವರ್ಷ. ದೊಡ್ಡಮ್ಮನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಒಳಜಗಲಿಯ ಗೋಡೆಯ ಮೇಲೆ ಹಸೆ ಹಾಗೇ ಇತ್ತು. ಹಂಡೆ, ಒರಳು, ನೇಗಿಲು, ಬಾಗಿಲುಗಳ ದಾರಂದ ಕೂಡ ಲಾರಿಗೆ ಏರಿದವು. ಗೋಡೆಯನ್ನು ಯಾರು ಏರಿಸುತ್ತಾರೆ? ಅಜ್ಜಿ ಆ ವರ್ಷ ಹೊಸ ಊರಿನಲ್ಲಿ ಬುಟ್ಟಿ ಬರೆಯುವಾಗ ಹಸೆಯ ಅಂಚನ್ನು ತಂದು ಬುಟ್ಟಿಯ ಬುಡದಲ್ಲಿಟ್ಟಳಂತೆ. ಆಮೇಲೆ ತೆಗೆಯಲೇ ಇಲ್ಲ. ಬೇರೆ ಮನೆಯವರು ಕೇಳಿದರೆ ಅಮ್ಮ ಇದನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ, "ನಮ್ಮಲ್ಲಿ ಹೀಗೆ" ಎಂದು ಮುಗಿಸುತ್ತಾಳೆ.

ಈ ಪಟ್ಟಿ ಬರೆಯುವಾಗ ಬುಟ್ಟಿ ವಾಲದಂತೆ ಅಮ್ಮ ಅದನ್ನು ಮಡಿಲಲ್ಲಿಟ್ಟು ಪ್ಲಾಸ್ಟರಿನ ಕೈಯಿಂದ ತಬ್ಬಿ ಹಿಡಿದಿದ್ದಳು. ಮೂರು ದಿನದ ಕೆಮ್ಮಣ್ಣು ತಾಗಿ ಪ್ಲಾಸ್ಟರ್ ಅಷ್ಟರಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇಂಥದನ್ನೆಲ್ಲ ಆಸ್ಪತ್ರೆಯವರಿಗೆ ಹೇಳಬಾರದು.

ನನ್ನ ಬೆಂಗಳೂರಿನ ಮನೆಯ ಗೋಡೆಯಲ್ಲೂ ಒಂದು ಹಸೆ ಚಿತ್ತಾರವಿದೆ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮೇಳವೊಂದರಲ್ಲಿ ಚೌಕಾಸಿ ಮಾಡಿ 1,800 ರೂಪಾಯಿಗೆ ಕೊಂಡದ್ದು, ಗಾಜಿನ ಫ್ರೇಮು ಸಮೇತ. ಅಮ್ಮ ಬಂದಾಗ ಅದರ ಮುಂದೆ ನಿಂತು, ಚೆನ್ನಾಗಿದೆ, ಒರೆಸಿದರೆ ಹೋಗುವುದಿಲ್ಲವಲ್ಲ ಎಂದಿದ್ದಳು. ನಾನದನ್ನು ಹೊಗಳಿಕೆ ಎಂದುಕೊಂಡಿದ್ದೆ. ಅಕ್ರಿಲಿಕ್ ಬರೆಯುವವರ ಮೇಲೆ ನನಗೆ ಕೋಪವಿಲ್ಲ. ಚಿತ್ತಾರ ಬರೆದು ನಾಲ್ಕು ಕಾಸು ನೋಡುವ ಹೆಂಗಸರು ನಮ್ಮ ಕಡೆ ಈಗ ಇದ್ದಾರೆ, ಮಾರುವ ಚಿತ್ರ ಬಾಳಬೇಕು, ಅದು ನ್ಯಾಯವೇ. ಆದರೆ ಒರೆಸಲಾಗದ್ದನ್ನು ಮಾತ್ರ ಬರೆದಿದ್ದರೆ ನಾನು ಗದ್ದೆಗೆ ಹೋಗಿ ನೋಡಿಕೊಂಡು ಬರುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಚಿಕ್ಕ ಬುಟ್ಟಿಯಲ್ಲಿ ಭತ್ತದ ಎರಡು ಸಸಿ ಮಾಯ. ಕೆಂಪು ಹಾಗೇ ಇದೆ, ಬಿಳಿ ಮಾತ್ರ ಇಲ್ಲ. ಹತ್ತಿರ ಹೋದರೆ ಇರುವೆಗಳು, ನಾನೆಳೆದ ಗೆರೆಯ ಮೇಲೆಯೇ ಸಾಲುಗಟ್ಟಿ, ಗೆರೆಯನ್ನೇ ಕೆರೆದು ಹೊತ್ತುಕೊಂಡು ಹೋಗುತ್ತಿದ್ದವು. ಅಕ್ಕಿಯಲ್ಲವೇ, ಬಿಡುತ್ತವೆಯೇ? ನಾನು ಕೂಗಿಕೊಂಡೆ. ಅಮ್ಮನಿಗೆ ನಗು. "ನಿನ್ನ ಭತ್ತಕ್ಕೆ ಮೊದಲ ಗಿರಾಕಿ ಬಂದರಲ್ಲ." ಆ ಎರಡು ಸಸಿಗಳನ್ನು ಮತ್ತೆ ಬರೆದೆ. ಇರುವೆ ತಿಂದ ಜಾಗಕ್ಕೆ ಒಂದು ಗುಣವಿದೆ, ಒರೆಸುವ ದಂಡ ಬೀಳುವುದಿಲ್ಲ.

ಮಧ್ಯಾಹ್ನವೆಲ್ಲ ಸೊಪ್ಪು ಕೊಯ್ಯುವ ಕೆಲಸ. ಹಚ್ಚಂಬಲಿಗೆ ನೂರೊಂದು ಕುಡಿ ಬೇಕೆಂಬುದು ಮಾತು. ಅಮಟೆ, ಹಾಗಲ, ಹೀರೆ, ಕುಂಬಳ, ಕೆಸು, ಬೇಲಿಯ ಮೇಲಿನದು, ಗುಡ್ಡದ ಮೇಲಿನದು. ನನಗೆ ಹೆಸರು ಗೊತ್ತಿದ್ದದ್ದು ಹದಿನಾಲ್ಕು. ಆಚೆಮನೆಯ ದೊಡ್ಡಮ್ಮ ಮುಂದೆ ಹೋಗುತ್ತ, ಎಲೆಯ ಹಿಂಬದಿ ತಿರುಗಿಸಿ ನೋಡುತ್ತ ಕಿತ್ತು ಕಿತ್ತು ಕೊಟ್ಟರು. ಮನೆಗೆ ಬಂದು ಎಣಿಸಿದೆ, ನಲವತ್ತಮೂರು ಬಗೆ. ಲೆಕ್ಕದವಳ ಚಟ. ಐವತ್ತೆಂಟು ಕಡಿಮೆ ಇವೆ ಎಂದು ದೊಡ್ಡಮ್ಮನಿಗೆ ಹೇಳಿದೆ. "ಎಣಿಸುವವರು ಯಾರು ತಂಗಿ, ಅವಳೇನು?" ಎಂದು ಅವರು ಗದ್ದೆಯ ಕಡೆ ಗದ್ದ ಎತ್ತಿ ತೋರಿಸಿದರು.

ಆ ರಾತ್ರಿ ಯಾರೂ ಮಲಗಲಿಲ್ಲ. ಹೆಚ್ಚಿದ ಸೊಪ್ಪೆಲ್ಲ ಅಕ್ಕಿಯೊಂದಿಗೆ ಬೇಯುತ್ತಿತ್ತು, ಕಡುಬು ಬೇಯುತ್ತಿತ್ತು, ನಾನು ನಡುನಡುವೆ ಎದ್ದು ಹೋಗಿ ಬುಟ್ಟಿಯ ಕಂಠದ ಬಳಿ ಬಿಟ್ಟುಹೋಗಿದ್ದ ಚುಕ್ಕಿಗಳನ್ನು ಇಡುತ್ತಿದ್ದೆ. ನಾಲ್ಕು ಗಂಟೆಗೆ ಬುಟ್ಟಿಗಳಿಗೆ ಎಡೆ ತುಂಬಿದೆವು. ತುಂಬಿ, ಮೇಲೆ ಬಾಳೆಲೆ, ಅದರ ಮೇಲೆ ಬಟ್ಟೆ. ಬಟ್ಟೆಯ ಅಂಚು ಜೋತುಬಿದ್ದು ನನ್ನ ನಾಲ್ಕು ರಾತ್ರಿಯ ಕೆಲಸದ ಅರ್ಧವನ್ನು ಮುಚ್ಚಿತು. ಎತ್ತಿ ಕಟ್ಟೋಣ ಎಂದರೆ ಯಾರೂ ಕಿವಿಗೊಡಲಿಲ್ಲ. ಅಣ್ಣ ದೊಡ್ಡ ಬುಟ್ಟಿಯನ್ನು ತಲೆಗೇರಿಸಿದ. ಮುಂದೆ ದೊಂದಿ, ಹಿಂದೆ ನಾವು.

ಚಂದ್ರ ಪಡುವಣದಲ್ಲಿ ಇನ್ನೂ ದೊಡ್ಡದಾಗಿಯೇ ಇದ್ದ. ಆದರೂ ತೋಟದ ದಾರಿ ಕತ್ತಲೆ. ಯಾರಿಗೂ ಚಿತ್ತಾರ ಕಾಣುತ್ತಿರಲಿಲ್ಲ. ಗದ್ದೆಯ ಮೂಲೆಯಲ್ಲಿ ಬಾಳೆಕಂದು ಕಟ್ಟಿ, ಒಂದು ಬುಡ ಭತ್ತವನ್ನು ಒಟ್ಟುಗೂಡಿಸಿ ನಿಲ್ಲಿಸಿದ್ದರು. ಅಮ್ಮ ಕೊರಳಿನಿಂದ ತಾಳಿಸರ ತೆಗೆದು, ಒಂದೇ ಕೈಯಲ್ಲಿ ಹೆಣಗಾಡಿ, ಆ ಬುಡಕ್ಕೆ ಹಾಕಿದಳು. ನಾನು ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ಪೂಜೆಯಾದ ಮೇಲೆ ಅಣ್ಣ ಚಿಕ್ಕ ಬುಟ್ಟಿ ಹಿಡಿದು ಗದ್ದೆಗಿಳಿದ. ಭೂಮಿತಾಯಿಯನ್ನು ಉಣ್ಣಲು ಕೂಗಿ ಕರೆಯುತ್ತ ಹಚ್ಚಂಬಲಿಯನ್ನು ಎಲ್ಲ ಬುಡಗಳ ಮೇಲೂ ಬೀರಿದ. ಅಕ್ಕಪಕ್ಕದ ಗದ್ದೆಗಳಿಂದಲೂ ಅದೇ ಕೂಗು. ಕತ್ತಲೆಯಲ್ಲಿ ಕೂಗು ಮಾತ್ರ ಕೇಳುತ್ತಿತ್ತು, ಎಲೆಗಳ ಮೇಲೆ ಬಿದ್ದ ಅನ್ನದ ಸದ್ದು ಮಳೆಹನಿಯಂತೆ ಕೇಳುತ್ತಿತ್ತು. ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು ಇಟ್ಟೆವು. ಒಂದು ಕಡುಬನ್ನು ಮಣ್ಣಿನಲ್ಲಿ ಹೂತೆವು, ಕೊಯ್ಲಿನ ಹೊತ್ತಿಗೆ ತೆಗೆದು ಹಂಚಿ ತಿನ್ನಲು.

ಬೆಳಕು ಹರಿದ ಮೇಲೆ ಬುಟ್ಟಿ ನೋಡಿದೆ. ಇಬ್ಬನಿಗೆ ಒದ್ದೆಯಾಗಿ ಮತ್ತೆ ಬಿಳಿ ಅಡಗಿತ್ತು. ಅಣ್ಣನ ಹೆಗಲ ಮೇಲಿನ ಟವೆಲ್ಲಿನಲ್ಲಿ ಮಾತ್ರ ನನ್ನ ಅಡಿಕೆ ಮರ ಕೆಂಪು-ಬಿಳಿಯಾಗಿ, ತಿರುಗುಮುರುಗಾಗಿ, ಸಾಕಷ್ಟು ಸ್ಪಷ್ಟವಾಗಿಯೇ ಅಚ್ಚಾಗಿತ್ತು.

ನವೆಂಬರ್ ಮೊದಲ ವಾರ ಪ್ಲಾಸ್ಟರ್ ಬಿಚ್ಚಿಸಲು ಅಣ್ಣ ಅಮ್ಮನನ್ನು ಕರೆದುಕೊಂಡು ಹೋದ. ಸಂಜೆ ಫೋನಿನಲ್ಲಿ ಹೇಳಿದ: ಕತ್ತರಿಸಲು ಬಂದ ಹುಡುಗ ಪ್ಲಾಸ್ಟರನ್ನು ತಿರುಗಿಸಿ ನೋಡಿ, ಇದೇನಮ್ಮ ಎಂದು ಕೇಳಿದನಂತೆ. ಕೆಂಪು ಹಿಡಿದ ಪ್ಲಾಸ್ಟರಿನ ಮೇಲೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಮೂರು ಬಿಳಿ ಎಳೆ. ಬುಡದ ಪಟ್ಟಿ ಬರೆಯುವಾಗ ನನ್ನ ಕುಂಚ ಬುಟ್ಟಿ ದಾಟಿ ಹೋಗಿದ್ದು. ಒದ್ದೆಯಿದ್ದಾಗ ನನಗೂ ಕಂಡಿರಲಿಲ್ಲ.

"ಮಗಳು ಬರೆದದ್ದು" ಎಂದಳಂತೆ ಅಮ್ಮ. "ನಡುವಿನದು ಸೊಟ್ಟಗಿದೆ ನೋಡು."